ಡಾಕ್ಟರ್ ಸೊಗಾಡೂ ಅವರಿಗೆ ಒಂದು ಕುರ್ಚಿ

ಮಾಗಡಿ ರಸ್ತೆಯಲ್ಲಿ ಕಾಮಾಕ್ಷಿಪಾಳ್ಯ ದಾಟಿ ಸ್ವಲ್ಪ ಮುಂದೆ ಹೋದರೆ ಎಡಗಡೆಗೆ ಒಂದು ಹಳದಿ ಕಟ್ಟಡವಿತ್ತು. ಬೋರ್ಡಿನ ಮೇಲೆ ಅದಕ್ಕೆ ಉದ್ದನೆಯ ಹೆಸರು: ಬೆಳೆ ಸಂರಕ್ಷಣಾ ಸಂಶೋಧನಾ ಕೇಂದ್ರ. ಬಸ್ಸಿನ ಕಂಡಕ್ಟರುಗಳಿಗೆ ಅಷ್ಟೆಲ್ಲ ಹೇಳುವ ವ್ಯವಧಾನವಿರಲಿಲ್ಲ. 'ಹುಳದ ಆಫೀಸು ಯಾರ್ರೀ, ಇಳ್ಕೊಳ್ಳಿ' ಎನ್ನುತ್ತಿದ್ದರು. ಒಳಗೆ ಕುಳಿತವರನ್ನು ಕಂಡವರಿಗೆ ಕಂಡಕ್ಟರುಗಳ ಹೆಸರೇ ಸರಿ ಎನ್ನಿಸುತ್ತಿತ್ತು.

ಸಾವಿರದ ಒಂಬೈನೂರ ಎಪ್ಪತ್ತರ ಸುಮಾರಿಗೆ ಈ ಆಫೀಸಿನಲ್ಲಿ ನಲವತ್ತಮೂರು ಜನರಿದ್ದರು. ಅವರಲ್ಲಿ ನಿಜವಾಗಿ ಹುಳ ನೋಡುತ್ತಿದ್ದವನು ಒಬ್ಬನೇ. ಹೆಸರು ಬೈರಯ್ಯ, ಹುದ್ದೆ ಸೈಂಟಿಫಿಕ್ ಅಸಿಸ್ಟೆಂಟ್, ವಯಸ್ಸು ಮೂವತ್ತೆರಡು. ಉಲ್ಲಾಳದ ರೈತರ ಮನೆಯ ಕಿರಿಯ ಮಗ. ಹೆಬ್ಬಾಳದಲ್ಲಿ ಕೃಷಿ ಬಿ.ಎಸ್ಸಿ. ಓದಿ, ಕುರುಬರಹಳ್ಳಿಯ ಎರಡು ಕೋಣೆಯ ಮನೆಯಲ್ಲಿ ಹೆಂಡತಿ ಲಿಂಗಮ್ಮನ ಜೊತೆ ಸಂಸಾರ ಹೂಡಿದ್ದ. ಉಳಿದ ನಲವತ್ತೆರಡು ಜನ ಏನು ಮಾಡುತ್ತಿದ್ದರು ಎಂದರೆ, ಬೈರಯ್ಯ ನೋಡಿದ ಹುಳದ ವರದಿಯನ್ನು ಟೈಪು ಮಾಡಿ, ನಂಬರು ಹಾಕಿ, ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸಾಗಿಸಿ, ಕೊನೆಗೆ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಬೀಗದ ಕೈ ಆಫೀಸ್ ಸೂಪರಿಂಟೆಂಡೆಂಟ್ ರೇವಣಸಿದ್ದಯ್ಯನವರ ಉಡಿದಾರದಲ್ಲಿತ್ತು. ವಿದೇಶದಿಂದ ಹಡಗಿನಲ್ಲಿ ಬರುತ್ತಿದ್ದ ವಿಜ್ಞಾನ ಪತ್ರಿಕೆಗಳೂ ಅದೇ ಬೀರುವಿನೊಳಗೆ, ಕವರು ಕೂಡ ಒಡೆಯದೆ, ಸುಖವಾಗಿದ್ದವು. ಕವರು ಒಡೆದರೆ ಪುಸ್ತಕ ಹಾಳಾಗುತ್ತದೆ ಎಂಬುದು ರೇವಣಸಿದ್ದಯ್ಯನವರ ಸಿದ್ಧಾಂತ. ಆ ಕೇಂದ್ರದಿಂದ ಹೊರಬಿದ್ದ ಸಿದ್ಧಾಂತ ಅದೊಂದೇ ಇರಬೇಕು.

ಇವರೆಲ್ಲರ ಮೇಲೆ ಡೈರೆಕ್ಟರು ಡಾಕ್ಟರ್ ಗೋಪೀನಾಥ್. ಅವರು ಒಂದು ಕಾಲದಲ್ಲಿ ಆರು ತಿಂಗಳು ಅಮೆರಿಕದಲ್ಲಿ ತರಬೇತಿ ಪಡೆದು ಬಂದಿದ್ದರು. ಆ ಆರು ತಿಂಗಳು ಅವರಿಗೆ ಜೀವಮಾನವಿಡೀ ಬಾಳಿಕೆ ಬಂತು. ಬಾಯಿ ತೆರೆದರೆ 'ನಾನು ಸ್ಟೇಟ್ಸ್‌ನಲ್ಲಿದ್ದಾಗ' ಎಂದೇ ಶುರು. ಅಲ್ಲಿಂದ ಅವರು ತಂದ ಸಂಪತ್ತೆಂದರೆ ಹನ್ನೆರಡು ದಿನಕ್ಕೊಮ್ಮೆ ಔಷಧಿ ಹೊಡೆಯುವ ಒಂದು ವೇಳಾಪಟ್ಟಿ. ಅಲ್ಲಿ ಅದು ಹತ್ತಿಯ ಬೆಳೆಗೆ ಮಾಡಿದ್ದು. ಇವರು ಹತ್ತಿ ಎಂದಿದ್ದ ಕಡೆ ಅವರೆ ಎಂದು ಬರೆಸಿ, ಕೆಳಗೆ ತಮ್ಮ ಹೆಸರು ಹಾಕಿಸಿ, ರಾಜ್ಯದ ರೈತರಿಗೆಲ್ಲ ಹಂಚಿಸಿದ್ದರು. ಇದನ್ನೇ ಅವರ ಸಂಶೋಧನೆ ಎಂದು ಎಲ್ಲರೂ ಕರೆಯುತ್ತಿದ್ದರು. ಕರೆಯದವರಿಗೆ ಬಡ್ತಿ ಸಿಗುತ್ತಿರಲಿಲ್ಲ.

ಬೈರಯ್ಯನಿಗೆ ಅವರೆಯ ವಿಚಾರ ಕಾಗದದಿಂದ ಬಂದದ್ದಲ್ಲ. ಅವನ ತಾಯಿ ಹನುಮಕ್ಕ ಉಲ್ಲಾಳದ ಹೊಲದಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲು ಬಿಟ್ಟು ಅವರೆ ಹಾಕುತ್ತಿದ್ದಳು. ಔಷಧಿ ಗಿವುಷಧಿ ಏನೂ ಇಲ್ಲ. ಆದರೂ ಅವಳ ಕಾಯಿಗೆ ಹುಳ ಬೀಳುತ್ತಿದ್ದದ್ದು ಕಡಿಮೆ. ಡೈರೆಕ್ಟರರ ಪಟ್ಟಿ ನಂಬಿ ಔಷಧಿ ಹೊಡೆದವರ ಹೊಲದಲ್ಲಿ ಕಾಯಿಕೊರಕ ಹುಳು ಹಬ್ಬ ಮಾಡುತ್ತಿತ್ತು. ಏಕೆ ಹೀಗೆ ಎಂದು ಕೇಳಿದರೆ ಹನುಮಕ್ಕ, 'ಸೊಗಡಿರೋ ಕಾಯ್ಗೆ ಹುಳ ಬೀಳಾಕಿಲ್ಲ ಕಣ್ಲಾ' ಎಂದಿದ್ದಳು. ಬೇರೆ ಯಾರಾದರೂ ಆಗಿದ್ದರೆ ಮುದುಕಿಯ ಮಾತೆಂದು ನಕ್ಕು ಸುಮ್ಮನಾಗುತ್ತಿದ್ದರು. ಬೈರಯ್ಯ ಸುಮ್ಮನಾಗಲಿಲ್ಲ.

ಸೊಗಡು ಎಂದರೇನೆಂದು ಬೆಂಗಳೂರು ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಮಾಗಿಯ ಚಳಿಯಲ್ಲಿ, ಇಬ್ಬನಿ ಬಿದ್ದ ಬೆಳಗಿನ ಹೊತ್ತು, ಅವರೆಕಾಯಿಯ ಮೇಲೆ ಎಣ್ಣೆಯಂಥ ಒಂದು ಅಂಟು ಕೂತಿರುತ್ತದೆ. ಮುಟ್ಟಿದರೆ ಕೈಗೆ ಹತ್ತಿಕೊಂಡು ಸಂಜೆಯವರೆಗೂ ಘಮಘಮ ಎನ್ನುತ್ತದೆ. ಆ ಘಮಲಿನ ಆಸೆಗೇ ಜನ ಚೀಲ ಹಿಡಿದು ಮಾರ್ಕೆಟ್ಟಿಗೆ ಓಡುತ್ತಾರೆ, ಕಾಯಿಯನ್ನು ಮೂಗಿಗೆ ಹಿಡಿದು ನೋಡಿ ಕೊಳ್ಳುತ್ತಾರೆ. ಬೈರಯ್ಯ ಕಂಡುಕೊಂಡದ್ದೇನೆಂದರೆ, ಆ ಸೊಗಡಿನ ಆಸೆಗೆ ಓಡಿಬರುವವರು ಜನರಷ್ಟೇ ಅಲ್ಲ. ಸಾಸಿವೆ ಕಾಳಿಗಿಂತ ಸಣ್ಣದಾದ ಒಂದು ಜಾತಿಯ ಕಣಜದ ಹುಳುವೂ ಬರುತ್ತದೆ. ಅದು ಕಾಯಿಕೊರಕದ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಟ್ಟು ಕೊರಕದ ವಂಶವನ್ನೇ ನಿಲ್ಲಿಸುತ್ತದೆ. ಸೊಗಡು ಹೆಚ್ಚಿದ್ದ ಗಿಡಕ್ಕೆ ಕಣಜ ಹೆಚ್ಚು. ಔಷಧಿ ಹೊಡೆದರೆ ಮೊದಲು ಸಾಯುವುದು ಈ ಪಾಪದ ಕಣಜ.

ಇದನ್ನು ಸಾಬೀತು ಮಾಡಲು ಬೈರಯ್ಯನಿಗೆ ಔಷಧಿ ಮುಟ್ಟದ ಅರ್ಧ ಎಕರೆ ಬೇಕಾಗಿತ್ತು. ಉಲ್ಲಾಳದ ಜಮೀನು ಅಣ್ಣಂದಿರ ಪಾಲಾಗಿ ಅವರು ಅಲ್ಲಿ ದ್ರಾಕ್ಷಿ ಹಾಕಿ ವಾರಕ್ಕೊಮ್ಮೆ ಔಷಧಿಯಲ್ಲಿ ಮೀಯಿಸುತ್ತಿದ್ದರು. ಹಾಗಾಗಿ ಆಫೀಸಿನ ಮುಂದೆಯೇ ಪಾರ್ಥೇನಿಯಂ ಬೆಳೆದು ನಿಂತಿದ್ದ ಅರ್ಧ ಎಕರೆಯನ್ನು ಕೇಳಿ ಪಡೆದು, ತಾನೇ ಅಗೆದು, ತಾಯಿ ಕೊಟ್ಟ ಬೀಜ ಬಿತ್ತಿದ. ನಾನೂರು ಗಿಡಕ್ಕೆ ಬಣ್ಣಬಣ್ಣದ ದಾರ ಕಟ್ಟಿದ. ಸೊಗಡನ್ನು ಅಳೆಯುವ ಯಂತ್ರ ಯಾವ ದೇಶದಲ್ಲೂ ಇರಲಿಲ್ಲ. ಅವನಲ್ಲಿದ್ದದ್ದು ಹನುಮಕ್ಕನ ಮೂಗು. ವಾರಕ್ಕೊಮ್ಮೆ ಅವಳು ಉಲ್ಲಾಳದಿಂದ ಬಂದು, ಒಂದೊಂದು ಗಿಡವನ್ನೂ ಮೂಸಿ ತೀರ್ಪು ಕೊಡುತ್ತಿದ್ದಳು. 'ಬರೀ ಹುಲ್ಲು' ಎಂದರೆ ಸೊನ್ನೆ. 'ವಸಿ ಐತೆ' ಎಂದರೆ ಒಂದು. 'ಐತೆ' ಎಂದರೆ ಎರಡು. ಕಣ್ಣು ಮುಚ್ಚಿ 'ಆಹಾ' ಎಂದರೆ ಮೂರು. ಯಾವ ಗಿಡಕ್ಕೆ ಎಷ್ಟು ಕಣಜ ಬಂದಿದೆ ಎಂದು ಅವಳಿಗೆ ಹೇಳುತ್ತಿರಲಿಲ್ಲ. ಎರಡು ವರ್ಷದ ಎಣಿಕೆಯಲ್ಲಿ ಮುದುಕಿಯ ಮೂಗೂ ಕಣಜದ ಲೆಕ್ಕವೂ ಹೆಚ್ಚುಕಡಿಮೆ ಒಂದೇ ಮಾತು ಹೇಳಿದವು.

ಬೈರಯ್ಯ ಕೂತು ಪ್ರಬಂಧ ಬರೆದ. ಸೊಗಡು ಎಂಬುದಕ್ಕೆ ಇಂಗ್ಲಿಷಿನಲ್ಲಿ ಮಾತು ಸಿಗದೆ ನಾಲ್ಕು ದಿನ ಒದ್ದಾಡಿದ. ವಾಸನೆ ಎಂದರೆ ಕೆಟ್ಟದ್ದಾಯಿತು, ಪರಿಮಳ ಎಂದರೆ ಹೂವಿನದ್ದಾಯಿತು. ಕೊನೆಗೆ ಸೊಗಡು ಎಂಬ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಅರ್ಥ ವಿವರಿಸಿ, ಡೈರೆಕ್ಟರರ ಮುಂದಿಟ್ಟ. ಅವರ ಸಹಿ ಇಲ್ಲದೆ ಯಾವ ಪ್ರಬಂಧವೂ ಹೊರಗೆ ಹೋಗುವಂತಿರಲಿಲ್ಲ. ಗೋಪೀನಾಥರು ಶೀರ್ಷಿಕೆಯ ಮೊದಲ ಸಾಲು ಓದಿದರು. ಔಷಧಿ ಹೊಡೆಯದ ಅವರೆ ಎಂದಿತ್ತು. ಅಲ್ಲಿಗೆ ನಿಲ್ಲಿಸಿದರು.

'ಔಷಧಿ ಹೊಡೆದಿಲ್ಲ ಅಂದ್ರೆ ಪ್ರಯೋಗ ಹೆಂಗ್ರೀ ಆಗುತ್ತೆ?' ಎಂದರು. 'ನಾನು ಸ್ಟೇಟ್ಸ್‌ನಲ್ಲಿದ್ದಾಗ ಹೀಗೆಲ್ಲ ಯಾರೂ ಮಾಡ್ತಿರಲಿಲ್ಲ. ಇಟ್ಟು ಹೋಗಿ, ನೋಡೋಣ.'

ನೋಡೋಣ ಎಂದರೆ ಬೀರು ಎಂದರ್ಥ. ಎಂಟು ತಿಂಗಳು ಕಳೆಯಿತು. ಬೈರಯ್ಯ ಕೇಳಿದಾಗಲೆಲ್ಲ ರೇವಣಸಿದ್ದಯ್ಯನವರು ಉಡಿದಾರ ಮುಟ್ಟಿಕೊಂಡು, 'ಪರಿಶೀಲನೆಯಲ್ಲಿದೆ ಕಣಯ್ಯ' ಎನ್ನುತ್ತಿದ್ದರು. ಬೀಗ ಹಾಕಿದ ಕತ್ತಲಲ್ಲಿ ಜಿರಲೆಯಲ್ಲದೆ ಇನ್ನಾರು ಪರಿಶೀಲಿಸುತ್ತಾರೆ ಎಂದು ಕೇಳುವ ಧೈರ್ಯ ಅವನಿಗಿರಲಿಲ್ಲ. ಮನೆಗೆ ಬಂದು ಊಟ ಸೇರದೆ ಕೂತಿದ್ದವನಿಗೆ ಲಿಂಗಮ್ಮ ಹೇಳಿದಳು: 'ನೀವು ಓದ್ತಿದ್ರಲ್ಲ, ಆ ಹುಳದ ಪುಸ್ತಕ ಬರೆದೋರು, ಅವ್ರಿಗೇ ಒಂದು ಕಾಗ್ದ ಹಾಕಿ. ಹೆಚ್ಚು ಅಂದ್ರೆ ಏನು, ಉತ್ತರ ಬರಲ್ಲ. ಇಲ್ಲೂ ಬರ್ತಿಲ್ವಲ್ಲ.'

ಪುಸ್ತಕ ಬರೆದವರು ಪ್ರೊಫೆಸರ್ ವಿಟ್‌ಕೂಂಬ್, ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದವರು. ಬೈರಯ್ಯ ಪ್ರಬಂಧವನ್ನು ಇನ್ನೊಮ್ಮೆ ಕೈಯಲ್ಲೇ ಬರೆದು, ರಾಜಾಜಿನಗರದ ಅಂಚೆ ಕಚೇರಿಯಲ್ಲಿ ಏರ್ ಮೇಲ್‌ಗೆ ಹಾಕಿದ. ಇಪ್ಪತ್ತೆರಡನೆಯ ದಿನಕ್ಕೆ ಉತ್ತರ ಬಂತು. ಆ ಮನುಷ್ಯ ಪೂರ್ತಿ ಓದಿದ್ದರು. ಹದಿನೇಳು ಪ್ರಶ್ನೆ ಕೇಳಿದ್ದರು. ಹನುಮಕ್ಕನ ಮೂಗಿನ ಬಗ್ಗೆಯೇ ಐದು. ಬೈರಯ್ಯ ಆ ಕಾಗದವನ್ನು ಬಾಗಿಲಲ್ಲಿ ನಿಂತೇ ಓದಿ, ಒಳಗೆ ಬಂದು ಅತ್ತುಬಿಟ್ಟ. ಹತ್ತು ವರ್ಷದ ಸರ್ವಿಸಿನಲ್ಲಿ ಅವನ ಕೆಲಸದ ಬಗ್ಗೆ ಯಾರೂ ಒಂದು ಪ್ರಶ್ನೆ ಕೇಳಿರಲಿಲ್ಲ.

ಮರುವರ್ಷ ಪ್ರಬಂಧ ಅಲ್ಲಿನ ಪತ್ರಿಕೆಯಲ್ಲಿ ಬೈರಯ್ಯನ ಹೆಸರಿನಲ್ಲೇ ಅಚ್ಚಾಯಿತು. ಸೊಗಡು ಎಂಬ ಮಾತನ್ನು ಅವರು ಹಾಗೆಯೇ ಉಳಿಸಿಕೊಂಡಿದ್ದರು. ಆ ಸಂಚಿಕೆಯ ಒಂದು ಪ್ರತಿ ಹಡಗಿನಲ್ಲಿ ಬಂದು ಹುಳದ ಆಫೀಸಿನ ಬೀರು ಸೇರಿತು, ಕವರಿನ ಸಮೇತ. ಇನ್ನೊಂದು ಕುರುಬರಹಳ್ಳಿಯ ಮನೆಗೆ ಬಂತು. ಲಿಂಗಮ್ಮ ಅದಕ್ಕೆ ಕುಂಕುಮವಿಟ್ಟು ದೇವರ ಪಟದ ಹಿಂದೆ ಇಟ್ಟಳು. ಹಿಂದೆ ಏಕೆಂದರೆ, ಅಪ್ಪಣೆಯಿಲ್ಲದೆ ವಿದೇಶಕ್ಕೆ ಬರೆದದ್ದು ಗೊತ್ತಾದರೆ ನೌಕರಿಗೇ ಕುತ್ತು ಬರುತ್ತಿತ್ತು. ಕಳ್ಳ ಮಾಲಿನ ಹಾಗೆ ಬಚ್ಚಿಡಬೇಕಾದ ಕೀರ್ತಿ ನಮ್ಮ ದೇಶದಲ್ಲಲ್ಲದೆ ಬೇರೆಲ್ಲಿ ಸಿಗುತ್ತದೆ?

ಎಪ್ಪತ್ತೆರಡರ ಡಿಸೆಂಬರಿನಲ್ಲಿ ಡೈರೆಕ್ಟರರಿಗೆ ಒಂದು ಕಾಗದ ಬಂತು. ವಿಟ್‌ಕೂಂಬ್ ಸಾಹೇಬರು ದೆಹಲಿಯ ಸಮ್ಮೇಳನಕ್ಕೆ ಬರುತ್ತಾರೆ; ಜನವರಿ ಹತ್ತೊಂಬತ್ತಕ್ಕೆ ಕೇಂದ್ರಕ್ಕೆ ಭೇಟಿ ಕೊಡುತ್ತಾರೆ; ಅಲ್ಲಿ ಕೊನೆಗೂ ಸೊಗಡನ್ನು ಮುಖತಃ ಭೇಟಿಯಾಗುವುದು ಅವರ ಬಹುದಿನದ ಆಸೆ. ಸಾಹೇಬರು ತಮಾಷೆಗೆ ಬರೆದ ಮಾತು. ತಮಾಷೆ ಅರ್ಥವಾಗಲು ಬೇಕಾದ ವಸ್ತು ಆ ಕಟ್ಟಡದಲ್ಲಿ ಸರಬರಾಜು ಇರಲಿಲ್ಲ. ಗೋಪೀನಾಥರು ಸಿಬ್ಬಂದಿಯ ಸಭೆ ಕರೆದು, ಕಾಗದ ಓದಿ, ಆ ಮಾತು ಬಂದ ಕಡೆ ಇಂಗ್ಲಿಷಿನ ಧಾಟಿಯಲ್ಲಿ ನಾಲಿಗೆ ಎಳೆದು, 'ಸೊಗಾಡೂ' ಎಂದರು.

'ಯಾರ್ರೀ ಇವರು, ಡಾಕ್ಟರ್ ಸೊಗಾಡೂ?'

ಅಂಕಿಅಂಶ ವಿಭಾಗದ ಪದ್ಮನಾಭ ಎದ್ದು ನಿಂತು, 'ಜಪಾನಿನವರಿರಬೇಕು ಸಾರ್. ಅವರ ಹೆಸರುಗಳೆಲ್ಲ ಹೀಗೇ ಇರೋದು' ಎಂದ.

'ಕರೆಕ್ಟ್,' ಎಂದರು ಗೋಪೀನಾಥರು. 'ನಾನು ಸ್ಟೇಟ್ಸ್‌ನಲ್ಲಿದ್ದಾಗ ಅವರ ಹೆಸರು ಕೇಳಿದ್ದೆ. ಭಾಳ ದೊಡ್ಡ ಮನುಷ್ಯ.'

ದೊಡ್ಡ ಮನುಷ್ಯನಿಗೆ ಸಾಹೇಬರ ಪಕ್ಕದಲ್ಲಿ ಒಂದು ಕುರ್ಚಿ, ಟರ್ಕಿ ಟವೆಲ್ಲು, ಗಂಧದ ಹಾರ ಎಂದು ಅಲ್ಲಿಯೇ ತೀರ್ಮಾನವಾಯಿತು. ಬೋರ್ಡು ಬರೆಯುವವನಿಗೆ ಹೇಳಿ ಕನ್ನಡದಲ್ಲೂ ಹೆಸರಿನ ಫಲಕ ಬರೆಸಿದರು: ಡಾ. ಸೊಗಾಡೂ, ಜಪಾನ್. ಅವರೆಕಾಯಿ ತಿಂದು ಬೆಳೆದ ನಲವತ್ತೆರಡು ಮೂಗುಗಳು ಆ ಫಲಕದ ಮುಂದೆ ಓಡಾಡಿದವು. ತಾವು ದಿನವೂ ಆಡುವ ಮಾತು ಇಂಗ್ಲೆಂಡಿಗೆ ಹೋಗಿ ಬಂದಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಬೈರಯ್ಯನಿಗೆ ಸಭೆಯಲ್ಲೇ ಅರ್ಥವಾಗಿತ್ತು. ಬಾಯಿ ಬಿಟ್ಟರೆ ನೌಕರಿಗೆ ಸಂಚಕಾರ. ಹೇಗಿದ್ದರೂ ಸಾಹೇಬರು ಬಂದು ಗಿಡ ನೋಡುತ್ತಾರೆ, ಆಗ ಎಲ್ಲವೂ ತಾನಾಗಿ ತಿಳಿಯುತ್ತದೆ ಎಂದು ಸುಮ್ಮನಿದ್ದ. ಹಿಂದಿನ ವರ್ಷ ಮಳೆ ಕೈಕೊಟ್ಟು ಎಣಿಕೆ ನಡೆದಿರಲಿಲ್ಲ; ಮೂರನೆಯ ವರ್ಷದ ಎಣಿಕೆಯ ಬೆಳೆ ಆಗ ಭರ್ತಿ ಹೂವು ಕಾಯಲ್ಲಿತ್ತು. ಜನವರಿ ಮುಗಿಯುವವರೆಗೆ ಗಿಡ ನಿಂತರೆ ಎಣಿಕೆ ಪೂರ್ತಿಯಾಗುತ್ತಿತ್ತು. ಎರಡು ವರ್ಷದ ಫಲ ಕಾಕತಾಳೀಯ ಎನ್ನುವವರ ಬಾಯಿ ಮುಚ್ಚಿಸಲು ಅವನಿಗೆ ಬೇಕಾಗಿದ್ದದ್ದು ಅದೊಂದೇ.

ಸಂಕ್ರಾಂತಿಯ ಹಿಂದಿನ ದಿನ ಆಜ್ಞೆ ಹೊರಟಿತು. ಗಣ್ಯರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ ಗಿಡಗಂಟಿ ಇರಬಾರದು. ಆಫೀಸಿನ ಮುಂದಿನ ಅರ್ಧ ಎಕರೆಯನ್ನು ಟ್ರಾಕ್ಟರಿನಲ್ಲಿ ಸಮ ಮಾಡಿಸಿ, ನರ್ಸರಿಯಿಂದ ಹುಲ್ಲು ತರಿಸಿ ಲಾನ್ ಹಾಸಿ, ಶಾಮಿಯಾನ ಹಾಕುವುದು. ಬೈರಯ್ಯ ಅದನ್ನು ಓದಿ, ಸೈಕಲ್ ತುಳಿದುಕೊಂಡು ಮನೆಗೆ ಹೋಗಿ, ಪಟದ ಹಿಂದಿನ ಪತ್ರಿಕೆ ತೆಗೆದುಕೊಂಡು ಬಂದು ಡೈರೆಕ್ಟರರ ಕೋಣೆಗೆ ನುಗ್ಗಿದ. ರೇವಣಸಿದ್ದಯ್ಯನವರೂ ಅಲ್ಲಿಯೇ ಇದ್ದರು.

'ಸಾರ್, ಆ ಅವರೆ ತೆಗೆಸ್ಬೇಡಿ. ಸಾಹೇಬ್ರು ಬರ್ತಿರೋದೇ ಅದನ್ನ ನೋಡೋಕೆ.'

'ಅವರು ಬರ್ತಿರೋದು ಡಾಕ್ಟರ್ ಸೊಗಾಡೂ ಅವರನ್ನ ನೋಡೋಕೆ ಕಣ್ರೀ.'

'ಅದು ಮನುಷ್ಯರಲ್ಲ ಸಾರ್. ಸೊಗಡು. ನಮ್ಮ ಅವರೆಕಾಯಿ ಸೊಗಡು.'

ಗೋಪೀನಾಥರು ರೇವಣಸಿದ್ದಯ್ಯನವರ ಮುಖ ನೋಡಿದರು. ಇಬ್ಬರೂ ನಕ್ಕರು.

'ಏನ್ರೀ ಬೈರಯ್ಯ, ಅಷ್ಟು ದೂರದಿಂದ ಒಬ್ಬ ಪ್ರೊಫೆಸರು ವಿಮಾನ ಹತ್ಕೊಂಡು ಅವರೆಕಾಯಿ ಮೂಸೋಕೆ ಬರ್ತಾರೇನ್ರೀ?'

'ನಾನೇ ಅವ್ರಿಗೆ ಬರ್ದಿದ್ದೆ ಸಾರ್. ಅಲ್ಲಿ ಅಚ್ಚಾಗಿದೆ. ಇಲ್ಲಿದೆ ನೋಡಿ.' ಪತ್ರಿಕೆಯನ್ನು ಮೇಜಿನ ಮೇಲಿಟ್ಟ.

ಡೈರೆಕ್ಟರರ ಕಿವಿಗೆ ಬಿದ್ದದ್ದು ಅಚ್ಚಾಗಿದೆ ಎಂಬುದಲ್ಲ, ಬರೆದಿದ್ದೆ ಎಂಬುದು. 'ಯಾರ ಪರ್ಮಿಷನ್ ತಗೊಂಡು ಬರೆದ್ರಿ?' ಎಂದರು. ರೇವಣಸಿದ್ದಯ್ಯನವರಿಗೆ ಈಗ ಜೀವ ಬಂತು. 'ಬರೆದಿದ್ರೆ ಅಪರಾಧ, ಬರೆದೇ ಇಲ್ದಿದ್ರೆ ಸುಳ್ಳು ಹೇಳಿಕೆ. ಎರಡರಲ್ಲಿ ಯಾವ್ದು ಅಂತ ಲಿಖಿತವಾಗಿ ಕೊಡಯ್ಯ' ಎಂದರು. ಡೈರೆಕ್ಟರು ಪತ್ರಿಕೆಯನ್ನು ತೆರೆಯಲಿಲ್ಲ. ಅದರ ಮೇಲೆ ಗಾಜಿನ ಗುಂಡು ಹೇರಿ, 'ಗಣ್ಯರು ಬಂದು ಹೋಗ್ಲಿ, ಆಮೇಲೆ ನೋಡೋಣ' ಎಂದರು. ಮೂರು ಪುಟ ಮಗುಚಿದ್ದರೆ ಸಾಕಿತ್ತು. ಆದರೆ ತನ್ನ ಕೈಕೆಳಗಿನವನು ಬರೆದದ್ದನ್ನು ಓದುವುದೆಂದರೆ ಆ ಮನುಷ್ಯನಿಗೆ ಪ್ರಾಣ ಹೋದಷ್ಟು ಅವಮಾನ.

ಸಂಕ್ರಾಂತಿಯ ಮರುದಿನ ಟ್ರಾಕ್ಟರು ಬಂತು. ಅದಕ್ಕೂ ಮೊದಲು ಸಿಬ್ಬಂದಿಯವರು ಚೀಲ ಹಿಡಿದು ಇಳಿದರು. ಆ ಕೇಂದ್ರದ ಇತಿಹಾಸದಲ್ಲಿ ಎಲ್ಲರೂ ಒಟ್ಟಾಗಿ ಹೊಲಕ್ಕಿಳಿದು ದುಡಿದದ್ದು ಅದೊಂದೇ ದಿನ. ಕೆಂಪು ದಾರ, ನೀಲಿ ದಾರ ಎನ್ನದೆ ನಾನೂರು ಗಿಡದ ಕಾಯಿಯನ್ನೂ ಕಿತ್ತು ತುಂಬಿಕೊಂಡರು. ಬೈರಯ್ಯ ಒಂದು ಮೂಲೆಯಿಂದ ಎಣಿಸುತ್ತಾ ಬಂದ. ಅರವತ್ತೊಂದನೆಯ ಗಿಡದ ಹತ್ತಿರ ಟ್ರಾಕ್ಟರಿನವನು ಹಾರನ್ ಹೊಡೆದ. ಆ ದಿನ ಮೂಸಲು ಬಂದಿದ್ದ ಹನುಮಕ್ಕ ಗೇಟಿನ ಬಳಿ ನಿಂತು ನೋಡಿದಳು. ಟ್ರಾಕ್ಟರಿಗೆ ಅಡ್ಡ ಮಲಗಬೇಕು ಎನ್ನಿಸಿತು ಬೈರಯ್ಯನಿಗೆ. ಮಲಗಲಿಲ್ಲ. ಸರ್ಕಾರಿ ನೌಕರಿ ಮನುಷ್ಯನ ಬೆನ್ನು ಬಗ್ಗಿಸುತ್ತದೆಯೇ ಹೊರತು ಮಲಗಲು ಬಿಡುವುದಿಲ್ಲ.

ಇದರ ಮೇಲೆ ಒಂದು ಒಗ್ಗರಣೆಯಿದೆ. ಎಲ್ಲಕ್ಕಿಂತ ದೊಡ್ಡ ಚೀಲ ಡೈರೆಕ್ಟರರ ರಾಜಾಜಿನಗರದ ಮನೆಗೆ ಹೋಯಿತು. ಹೊತ್ತುಕೊಂಡು ಹೋದ ಜೀಪಿನ ಡ್ರೈವರ್ ಮುನಿರಾಜು ಮಾರನೆಯ ದಿನ ಬಂದು ಬೈರಯ್ಯನಿಗೆ ವರದಿ ಒಪ್ಪಿಸಿದ. ಚೀಲ ಬಿಚ್ಚಿದ ಕೂಡಲೇ ಗೋಪೀನಾಥರು ಒಂದು ಬೊಗಸೆ ಕಾಯಿ ಮೂಗಿಗೆ ಹಿಡಿದು, 'ಏನು ಸೊಗಡು ಕಣೇ, ಈ ವರ್ಷ ಇಂಥದ್ದು ಸಿಕ್ಕೇ ಇರಲಿಲ್ಲ' ಎಂದು ಹೆಂಡತಿಗೆ ಹೇಳಿದರಂತೆ. ಹಿತಕಿದ ಬೇಳೆಯ ಸಾರು ಮಾಡಿಸಿ ಎರಡು ಸಲ ಬಡಿಸಿಕೊಂಡರಂತೆ.

'ಆ ಮಾತು ಅವ್ರ ಬಾಯಲ್ಲೇ ಬಂತಾ?' ಎಂದು ಬೈರಯ್ಯ ಕೇಳಿದ.

'ನನ್ನ ಮುಂದೇನೇ ಅಂದ್ರು ಅಣ್ಣ, ಸುಳ್ಯಾಕೆ ಹೇಳ್ಲಿ.'

ಬೈರಯ್ಯನಿಗೆ ಅಲ್ಲಿಯವರೆಗೆ ಡೈರೆಕ್ಟರರ ಮೇಲೆ ಇದ್ದದ್ದು ಹೆದರಿಕೆ. ಆ ಕ್ಷಣದಲ್ಲಿ ಅದು ಹೇಸಿಗೆಯಾಯಿತು.

ಹತ್ತೊಂಬತ್ತನೆಯ ತಾರೀಕು ವಿಟ್‌ಕೂಂಬ್ ಸಾಹೇಬರು ಬಂದರು. ಧೂಳು ಹಿಡಿದ ಬೂಟು, ಕೈಯಲ್ಲಿ ಭೂತಗನ್ನಡಿ, ಹೊಲಕ್ಕೆ ಹೊರಟ ಮನುಷ್ಯ. ಅವರನ್ನು ಹಿಡಿದು ಶಾಮಿಯಾನದ ಕೆಳಗೆ ಕೂರಿಸಿ ಹಾರ ಹಾಕಿದರು. ಪಕ್ಕದ ಕುರ್ಚಿಯ ಮೇಲೆ ಟವೆಲ್ಲು ಮಾತ್ರ ಕೂತಿತ್ತು. ಗೋಪೀನಾಥರು ಇಪ್ಪತ್ತು ನಿಮಿಷ ಮಾತಾಡಿ, ಡಾಕ್ಟರ್ ಸೊಗಾಡೂ ಅವರ ಸಂಶೋಧನೆ ಇಡೀ ಏಷ್ಯಾ ಖಂಡಕ್ಕೇ ಹೆಮ್ಮೆ, ಅವರ ವಿಮಾನ ತಡವಾಗಿರಬೇಕು, ನಮ್ಮ ದೇಶದಲ್ಲೂ ಅಂಥ ಒಬ್ಬ ವಿಜ್ಞಾನಿ ಹುಟ್ಟಬೇಕು ಎಂದು ಮುಗಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಸಾಹೇಬರು ಮೊದಲು ಇದೆಲ್ಲ ತಮ್ಮ ತಮಾಷೆಗೆ ಇವರು ಕೊಡುತ್ತಿರುವ ಮರುತಮಾಷೆ ಎಂದುಕೊಂಡು ನಗುತ್ತಿದ್ದರು. ಫಲಕದಲ್ಲಿ ಜಪಾನ್ ಎಂದಿದ್ದದ್ದನ್ನು ಓದಿದ ಮೇಲೆ ನಗು ನಿಂತಿತು. ಎದ್ದು ನಿಂತು, ಬೈರಯ್ಯ ಎಂಬವರು ಯಾರು ಎಂದು ಕೇಳಿದರು. ಎಳನೀರಿನ ತಟ್ಟೆ ಹಿಡಿದು ಹಿಂದೆ ನಿಂತಿದ್ದವನನ್ನು ಯಾರೋ ಮುಂದೆ ತಳ್ಳಿದರು. ಸಾಹೇಬರು ತಟ್ಟೆಯನ್ನು ತಾವೇ ತೆಗೆದು ಖಾಲಿ ಕುರ್ಚಿಯ ಮೇಲಿಟ್ಟು, ಅವನ ಎರಡೂ ಕೈ ಹಿಡಿದುಕೊಂಡು, ಗಿಡಗಳೆಲ್ಲಿ ಎಂದರು. ಬೈರಯ್ಯ ನೆಲ ತೋರಿಸಿದ. ಸಾಹೇಬರು ನಿಂತಿದ್ದದ್ದು ಅದರ ಮೇಲೆಯೇ.

ಅವರು ಬಗ್ಗಿದರು. ಹುಲ್ಲಿನ ತುಂಡುಗಳ ಸಂದಿಯಲ್ಲಿ ಮಣ್ಣಾದ ಒಂದು ಕಾಯಿ ಸಿಕ್ಕಿತು, ಕೆಂಪು ದಾರದ ಸಮೇತ. ಅದನ್ನು ಉಜ್ಜಿ ಮೂಸಿ ನೋಡಿ, 'ಸೊಗಡು?' ಎಂದರು. ಬೈರಯ್ಯ ಹೌದೆಂದ. ಸಾಹೇಬರು ಆ ಕಾಯಿಯನ್ನು ಡೈರೆಕ್ಟರರ ಮೂಗಿನ ಹತ್ತಿರ ಹಿಡಿದರು. ಗೋಪೀನಾಥರು ಮೂಸಿದರು. ನಾಲ್ಕು ದಿನದ ಹಿಂದಿನ ಸಾರು ಅವರಿಗೆ ನೆನಪಾಗಿರಬೇಕು. ಮುಖದ ಬಣ್ಣ ಇಳಿಯಿತು. ಆದರೆ ಅಂಥವರಿಗೆ ನಾಚಿಕೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮಾರನೆಯ ದಿನ ಬೈರಯ್ಯನಿಗೆ ಮೆಮೊ ಬಂತು. ಸೊಗಡು ಎಂಬುದು ವ್ಯಕ್ತಿಯಲ್ಲವೆಂಬ ಮುಖ್ಯ ಮಾಹಿತಿಯನ್ನು ಲಿಖಿತವಾಗಿ ಸಲ್ಲಿಸದೆ ಕೇಂದ್ರದ ಗೌರವಕ್ಕೆ ಕುಂದು ತಂದಿದ್ದೀರಿ, ನಿಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು ಎಂದು ಕೇಳಿತ್ತು.

ಬೈರಯ್ಯ ಅದಕ್ಕೆ ಉತ್ತರ ಕೊಡುವಷ್ಟರಲ್ಲಿ ಇಂಗ್ಲೆಂಡಿನಿಂದ ಕರೆ ಬಂತು. ರಜೆ ಕೇಳಿದ, ಕೊಡಲಿಲ್ಲ. ರಾಜೀನಾಮೆ ಬರೆದ, ಅದಕ್ಕೆ ಮಾತ್ರ ಅದೇ ದಿನ ಸಹಿಯಾಯಿತು. ಆ ವರ್ಷ ಮೇ ತಿಂಗಳಲ್ಲಿ ಲಿಂಗಮ್ಮನನ್ನು ಕರೆದುಕೊಂಡು ಹೊರಟ. ಹನುಮಕ್ಕ ಎರಡು ಸೇರು ಬೀಜ ಕಟ್ಟಿಕೊಟ್ಟಳು.

ಅಲ್ಲಿ ಅವನಿಗೆ ಗಾಜಿನ ಮನೆ ಕೊಟ್ಟರು, ಯಂತ್ರ ಕೊಟ್ಟರು, ಪಿಎಚ್.ಡಿ. ಕೊಟ್ಟರು. ಸೊಗಡಿನೊಳಗಿನ ರಾಸಾಯನಿಕವನ್ನು ಬೇರ್ಪಡಿಸಿ ನೋಡಿದ. ನಾಲ್ಕಾರು ದೇಶದವರು ಕರೆಸಿ ಭಾಷಣ ಮಾಡಿಸಿದರು. ಎಲ್ಲ ಸರಿ. ಆದರೆ ಗಾಜಿನ ಮನೆಯ ಅವರೆ ಹೂ ಬಿಟ್ಟಿತು, ಕಾಯಿ ಬಿಟ್ಟಿತು, ಸೊಗಡು ಮಾತ್ರ ಸರಿಯಾಗಿ ಕಟ್ಟಲಿಲ್ಲ. ಹಗಲಿನ ಬಿಸಿಲು, ರಾತ್ರಿಯ ಚಳಿ, ಬೆಳಗಿನ ಇಬ್ಬನಿ, ಕೆಂಪು ಮಣ್ಣು, ಇವು ಮಾಗಡಿ ರಸ್ತೆಯಲ್ಲಿದ್ದವು. ಆ ಕಣಜವೂ ಅಲ್ಲಿಯೇ ಇತ್ತು. ನಿಂತುಹೋದ ಮೂರನೆಯ ವರ್ಷದ ಎಣಿಕೆ ಅವನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಊರಿಗೆ ವಾಪಸು ಬರಬೇಕು, ಅರ್ಧ ಎಕರೆ ಸಿಕ್ಕರೆ ಅಲ್ಲಿನ ಕೆಲಸ ಬಿಟ್ಟು ಬಂದೇ ಬಿಡಬೇಕು ಎಂದು ಗಂಡಹೆಂಡತಿ ಮಾತಾಡಿಕೊಂಡು ಎಪ್ಪತ್ತೆಂಟರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಬಂದಿಳಿದರು.

ಗೋಪೀನಾಥರು ಸೇವಾವಧಿ ವಿಸ್ತರಣೆಯ ಮೇಲೆ ವಿಸ್ತರಣೆ ಪಡೆದು ಇನ್ನೂ ಅದೇ ಕುರ್ಚಿಯಲ್ಲಿದ್ದರು. ಗೇಟಿನವರೆಗೆ ಬಂದು ಹಾರ ಹಾಕಿದರು. ಬೈರಯ್ಯನ ಫೋಟೋ ಪಡಸಾಲೆಯ ಗೋಡೆಯ ಮೇಲೇರಿತ್ತು. ಸಭೆಯಲ್ಲಿ, ಈ ರತ್ನವನ್ನು ಮೊದಲು ಗುರುತಿಸಿದವನು ನಾನೇ ಎಂದರು. ರೇವಣಸಿದ್ದಯ್ಯನವರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಹಲ್ಲು ಗಿಂಜುವುದರಲ್ಲೂ ಅಲ್ಲಿ ಸೀನಿಯಾರಿಟಿ ಇತ್ತು. ಕಾಫಿಯಾದ ಮೇಲೆ ಕೋಣೆಯಲ್ಲಿ ಕೂರಿಸಿ, ಗೋಪೀನಾಥರು ಕೈ ಹಿಸುಕಿಕೊಂಡು ಕೇಳಿದರು.

'ಡಾಕ್ಟ್ರೇ, ತಮ್ಮಿಂದ ನಮಗೆ ಏನಾದ್ರೂ ಮಾರ್ಗದರ್ಶನ ಆಗ್ಬೇಕು. ತಾವು ಏನು ಹೇಳಿದ್ರೂ ರೆಡಿ.'

'ಅರ್ಧ ಎಕರೆ ಕೊಡಿ ಸಾರ್. ನಾನು ಬಂದ್ಬಿಡ್ತೀನಿ.'

'ಅರ್ಧ ಯಾಕೆ ಡಾಕ್ಟ್ರೇ, ಹತ್ತು ಎಕರೆ ತಗೊಳ್ಳಿ. ವಿದೇಶಿ ತಜ್ಞರ ಯೋಜನೆ ಅಂತ ಹೊಸದಾಗಿ ಬಂದಿದೆ. ಜಮೀನು, ಜೀಪು, ಆಳು, ಎಲ್ಲಾ ಅದರಲ್ಲೇ. ತಮ್ಮದೊಂದು ಸಹಿ ಸಾಕು.' ಫಾರಂ ತೆಗೆದು, ತಾವೇ ಪೆನ್ನಿನ ಮುಚ್ಚಳ ಬಿಚ್ಚಿಕೊಂಡು ಬರೆಯಲು ಕೂತರು. 'ತಮ್ಮ ಬ್ರಿಟಿಷ್ ಪಾಸ್‌ಪೋರ್ಟ್ ನಂಬರ್ ಹೇಳಿ.'

'ನಂದು ಇಂಡಿಯನ್ ಪಾಸ್‌ಪೋರ್ಟು ಸಾರ್.'

ಪೆನ್ನು ನಿಂತಿತು. ಗೋಪೀನಾಥರು ಕನ್ನಡಕ ತೆಗೆದು ಅವನನ್ನು ಇನ್ನೊಮ್ಮೆ ನೋಡಿದರು.

'ಏನ್ರೀ ಬೈರಯ್ಯ, ಐದು ವರ್ಷ ಅಲ್ಲಿದ್ದು ಇನ್ನೂ ಇಂಡಿಯನ್ನೇನ್ರೀ?'

ಮುಚ್ಚಳ ಪೆನ್ನಿನ ಮೇಲೆ ಕೂತಿತು. ಫಾರಂ ಡ್ರಾಯರಿಗೆ ವಾಪಸು ಹೋಯಿತು. ಇಂಡಿಯನ್ನರಿಗಾದರೆ ಹುದ್ದೆ ಖಾಲಿಯಾಗಬೇಕು, ಜಾಹೀರಾತು ಬರಬೇಕು, ವಯಸ್ಸು ಮೂವತ್ತೈದು ದಾಟಿರಬಾರದು, ರಾಜೀನಾಮೆ ಕೊಟ್ಟು ಹೋದವರಿಗೆ ಅವಕಾಶವೇ ಇಲ್ಲ ಎಂದು ರೇವಣಸಿದ್ದಯ್ಯನವರು ಬಾಯಿಪಾಠ ಒಪ್ಪಿಸಿದರು. ಬೈರಯ್ಯ ಎದ್ದಾಗ ಗೋಪೀನಾಥರು ಕುರ್ಚಿಯಲ್ಲಿ ಕೂತೇ ಇದ್ದರು. 'ಒಂದ್ ಕೆಲ್ಸ ಮಾಡಿ. ಅಲ್ಲಿನ ಪ್ರಜೆ ಆಗ್ಬಿಟ್ಟು ಬನ್ನಿ. ಆಗ ನೀವು ಕೇಳೋದೇ ಬೇಡ' ಎಂದು ಬುದ್ಧಿ ಹೇಳಿದರು.

ಉಲ್ಲಾಳದಲ್ಲಿ ಹನುಮಕ್ಕ ಜಗಲಿಯ ಮೇಲೆ ಕೂತು ಅವರೆ ಹಿತಕುತ್ತಿದ್ದಳು. 'ಜಮೀನು ಕೊಟ್ರೇನ್ಲಾ?' ಎಂದಳು.

'ಕೊಡ್ತಾರಂತೆ ಕಣವ್ವ. ನಾನು ಈ ದೇಶದೋನಲ್ಲ ಅಂತ ಬರ್ಸ್ಕೊಂಡು ಬಂದ್ರೆ.'

ಹನುಮಕ್ಕನ ಕೈ ನಿಂತಿತು. 'ಹಂಗಾರೆ ಅವ್ರು ಯಾವ ದೇಶದೋರ್ಲಾ?' ಎಂದಳು. ಲಿಂಗಮ್ಮ ಹೊಸಿಲಿನ ಒಳಗೆ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು.

ವಾರ ಕಳೆದು ಗಂಡಹೆಂಡತಿ ವಿಮಾನ ಹತ್ತಿದರು. ಮರುವರ್ಷ ಬೈರಯ್ಯ ಇಂಗ್ಲೆಂಡಿನ ಪೌರತ್ವಕ್ಕೆ ಅರ್ಜಿ ಬರೆದ. ಅಲ್ಲಿನ ಪ್ರಜೆಯಾಗಲು ಬಯಸುವ ಕಾರಣವೇನು ಎಂದು ಕೇಳಿದ್ದ ಜಾಗದಲ್ಲಿ, ನನ್ನ ಊರಿನಲ್ಲಿ ಅರ್ಧ ಎಕರೆ ಅವರೆ ಬೆಳೆಯಲು ಎಂದು ತುಂಬಿದ.